24 ವೋಲ್ಟ್ ಬ್ಯಾಟರಿ ಪ್ಯಾಕ್, 4ನೇ ಕಂತು: ಸೆಲ್‌ಗಳು ಕೈಸೇರುವ ತನಕ

ಕೊನೆಗೂ ಸೆಲ್‌ಗಳು ಬಂದವು. ಎಂಟೂ ಮೇಜಿನ ಮೇಲಿವೆ. ಹಿಂದಿನ ಕಂತಿನಲ್ಲಿ ಪೆಟ್ಟಿಗೆ, ಬಸ್‌ಬಾರ್, ಫ್ಯೂಸ್ ಬಗ್ಗೆ ಬರೆದಿದ್ದೆ. ಆಮೇಲೆ ಮೂರು ತಿಂಗಳು ಏನೂ ಬರೆಯಲಿಲ್ಲ. ಕೆಲಸ ನಿಂತಿರಲಿಲ್ಲ, ಅಷ್ಟೂ ಸಮಯ ಸಪ್ಲೈಯರ್ ಹುಡುಕೋದು, ಅವರು ಹೇಳಿದ್ದು ನಿಜವಾ ಅಂತ ನೋಡೋದು, ಆಮೇಲೆ ಕಾಯೋದು, ಇದರಲ್ಲೇ ಹೋಯಿತು. ಬೆಸುಗೆ, ವೈರಿಂಗ್ ಎಲ್ಲಕ್ಕಿಂತ ಈ ಹಂತವೇ ಕಷ್ಟ ಅಂತ ಈಗ ಅನ್ನಿಸುತ್ತಿದೆ. ಹಾಗಾಗಿ ಈ ಕಂತು ಪೂರ್ತಿ ಅದರ ಬಗ್ಗೆಯೇ.

ಬೇಕಿದ್ದದ್ದು ಇಷ್ಟು: 280 ಆಂಪಿಯರ್ ಅವರ್ ಸಾಮರ್ಥ್ಯದ ಎಂಟು ಲಿಥಿಯಂ ಐರನ್ ಫಾಸ್ಫೇಟ್ ಸೆಲ್. ಒಂದೊಂದೂ 3.2 ವೋಲ್ಟ್. ಸಾಲಾಗಿ ಜೋಡಿಸಿದರೆ 25.6 ವೋಲ್ಟ್, ಒಟ್ಟು ಸುಮಾರು 7.2 ಕಿಲೋವ್ಯಾಟ್ ಅವರ್. ಜೊತೆಗೆ ಒಂದು ಬಿಎಂಎಸ್, ಅಂದರೆ ಸೆಲ್‌ಗಳ ಚಾರ್ಜ್ ಹದ್ದು ಮೀರದಂತೆ ಕಾಯುವ ಸರ್ಕ್ಯೂಟ್ ಬೋರ್ಡ್.

1ನೇ ವಾರ

ಹಿಂದೊಮ್ಮೆ ಟಾರ್ಚ್‌ಗೆ ಅಂತ 18650 ಸೆಲ್ ತರಿಸಿ ಮೋಸ ಹೋಗಿದ್ದೆ. ಮೇಲೆ 9900 ಎಂಎಎಚ್ (ಮಿಲಿಆಂಪಿಯರ್ ಅವರ್) ಅಂತ ಅಚ್ಚಾಗಿತ್ತು. ಆ ಸೈಜಿನಲ್ಲಿ, ಅಂದರೆ 18 ಮಿಲಿಮೀಟರ್ ಅಗಲ, 65 ಮಿಲಿಮೀಟರ್ ಉದ್ದದಲ್ಲಿ, ಒಳ್ಳೆಯ ಸೆಲ್‌ಗಳೇ 3500ರ ಆಸುಪಾಸಿನಲ್ಲಿ ನಿಲ್ಲುತ್ತವೆ ಅಂತ ನನಗೆ ಆಗ ಗೊತ್ತಿರಲಿಲ್ಲ. ತಕ್ಕಡಿ ಮೇಲಿಟ್ಟಾಗ ಗೊತ್ತಾಯಿತು. ಸರಿಯಾದ ಸೆಲ್ 45 ಗ್ರಾಂ ಮೇಲೆ ತೂಗುತ್ತದೆ, ನನ್ನದು 31 ಗ್ರಾಂ. ಅಷ್ಟರಲ್ಲಿ ರೀಫಂಡ್ ಕೇಳುವ ಗಡುವು ಮುಗಿದಿತ್ತು.

ಈ ಸಲ ಆ ಗಡುವನ್ನೇ ಮೊದಲು ನೋಡಿದೆ. ವಸ್ತು ಯಾವುದು, ಬೆಲೆ ಎಷ್ಟು ಅನ್ನೋದಕ್ಕಿಂತ ಮುಂಚೆ, ದುಡ್ಡು ಯಾವ ದಾರಿಯಲ್ಲಿ ಹೋಗುತ್ತದೆ, ಎಷ್ಟು ದಿನದ ತನಕ ಅದನ್ನು ವಾಪಸ್ ಕೇಳಬಹುದು ಅಂತ. ಈ ಎರಡು ಪ್ರಶ್ನೆಗೆ ಉತ್ತರ ಸಿಗದ ಕಡೆ ಮುಂದೆ ಮಾತೇ ಬೇಡ ಅಂತ ತೀರ್ಮಾನಿಸಿದೆ.

ಚೀನಾದ ಐದು ಜನ ಸಪ್ಲೈಯರ್‌ಗಳಿಗೆ ಒಂದೇ ಸಂದೇಶ ಕಳಿಸಿದೆ. ನಾಲ್ವರ ಬೆಲೆ ಹತ್ತಿರ ಹತ್ತಿರ ಇತ್ತು, ಒಬ್ಬರದು ಮಾತ್ರ ಅರ್ಧ. ಸೆಲ್ ಮಾಡುವ ಕಚ್ಚಾ ವಸ್ತುವಿನ ಖರ್ಚು ಎಲ್ಲರಿಗೂ ಹೆಚ್ಚುಕಡಿಮೆ ಒಂದೇ ಅಲ್ವಾ, ಹಾಗಿದ್ದಾಗ ಒಬ್ಬರಿಗೆ ಮಾತ್ರ ಅರ್ಧ ಬೆಲೆಗೆ ಹೇಗೆ ಸಾಧ್ಯ? ಒಂದೋ ಹಳೇ ಗಾಡಿಯಿಂದ ಬಿಚ್ಚಿದ ಸೆಲ್, ಇಲ್ಲಾಂದ್ರೆ ಸೆಲ್ಲೇ ಇಲ್ಲ. ಅವರನ್ನು ಬಿಟ್ಟೆ.

ಸಪ್ಲೈಯರ್ ಹೆಸರಿನ ಪಕ್ಕ ಇರುವ ಬ್ಯಾಡ್ಜ್‌ಗಳ ಬಗ್ಗೆ ಒಂದು ಮಾತು. ಚೀನಾದ ಆನ್‌ಲೈನ್ ಸಗಟು ಮಾರಾಟ ತಾಣ ಅಲಿಬಾಬಾದಲ್ಲಿ 'ಗೋಲ್ಡ್ ಸಪ್ಲೈಯರ್' ಅನ್ನೋದು ದುಡ್ಡು ಕಟ್ಟಿ ಪಡೆಯುವ ಸದಸ್ಯತ್ವ. 2011ರ ಫೆಬ್ರವರಿಯಲ್ಲಿ ಆ ಕಂಪನಿಯೇ ಹೊರಗೆ ಹೇಳಿತು, 2009 ಮತ್ತು 2010ರಲ್ಲಿ 2,300ಕ್ಕೂ ಹೆಚ್ಚು ಗೋಲ್ಡ್ ಸಪ್ಲೈಯರ್‌ಗಳು ಖರೀದಿದಾರರಿಗೆ ಮೋಸ ಮಾಡಿದ್ದರು, ಕಂಪನಿಯ ಸೇಲ್ಸ್ ಸಿಬ್ಬಂದಿಯಲ್ಲೇ ಕೆಲವರು ಅದಕ್ಕೆ ಕೈಜೋಡಿಸಿದ್ದರು ಅಂತ. ಆಗಿನ ಸಿಇಒ ಡೇವಿಡ್ ವೇಯ್ ರಾಜೀನಾಮೆ ಕೊಟ್ಟರು. ಆಮೇಲೆ ತಪಾಸಣೆ ಬಿಗಿಯಾಗಿದೆ, ನಿಜ. ಆದರೂ ಬ್ಯಾಡ್ಜ್ ನೋಡಿ ಸಮಾಧಾನ ಮಾಡಿಕೊಳ್ಳೋಕೆ ನನಗೆ ಮನಸ್ಸು ಬರಲಿಲ್ಲ.

2ನೇ ವಾರ

ಉಳಿದ ನಾಲ್ವರಿಗೂ ಬಿಸಿನೆಸ್ ಲೈಸೆನ್ಸ್ ಫೋಟೋ ಕೇಳಿದೆ. ಚೀನಾದ ಪ್ರತಿ ಕಂಪನಿಗೂ 18 ಅಕ್ಷರದ ಒಂದು ನೋಂದಣಿ ಕೋಡ್ ಇರುತ್ತದೆ, 2015ರಿಂದ ಈ ಪದ್ಧತಿ ಇದೆ. ಕಂಪನಿಗಳದ್ದು ಸಾಮಾನ್ಯವಾಗಿ 91ರಿಂದ ಶುರುವಾಗುತ್ತದೆ. ಆ ಕೋಡನ್ನು ಅಲ್ಲಿನ ಸರ್ಕಾರದ ಕಂಪನಿ ಮಾಹಿತಿ ತಾಣದಲ್ಲಿ ಹಾಕಿದರೆ ಕಂಪನಿಯ ಚೀನೀ ಹೆಸರು, ಶುರುವಾದ ದಿನ, ಯಾವ ವ್ಯವಹಾರಕ್ಕೆ ನೋಂದಣಿ ಆಗಿದೆ ಅನ್ನೋದೆಲ್ಲ ಬರುತ್ತದೆ. ಪುಟ ಚೀನೀ ಭಾಷೆಯಲ್ಲಿರುತ್ತದೆ, ಫೋನಿನ ಅನುವಾದ ಸಾಕು.

ಒಬ್ಬರ ಜಾಹೀರಾತಿನಲ್ಲಿ '15 ವರ್ಷದ ಅನುಭವ' ಅಂತ ಇತ್ತು. ನೋಂದಣಿ ಆಗಿ ಐದು ತಿಂಗಳಾಗಿತ್ತು. ವ್ಯವಹಾರದ ಜಾಗದಲ್ಲಿ ಬಟ್ಟೆ ವ್ಯಾಪಾರ ಅಂತ ಬರೆದಿತ್ತು. ಕೇಳಿದ್ದಕ್ಕೆ 'ಅದು ನಮ್ಮ ಅಂಗಸಂಸ್ಥೆ' ಅಂದರು, ಮರುದಿನವೇ 'ನೇರವಾಗಿ ಅಕೌಂಟಿಗೆ ಹಾಕಿದರೆ ಶೇ. 12 ಕಡಿಮೆ ಮಾಡ್ತೀವಿ' ಅಂದರು. ಅಕೌಂಟ್ ಒಬ್ಬ ವ್ಯಕ್ತಿಯ ಹೆಸರಿನಲ್ಲಿತ್ತು. ಅಲ್ಲಿಗೆ ಮಾತು ಮುಗಿಸಿದೆ.

ಇಲ್ಲಿ ಸ್ವಲ್ಪ ನಿಂತು ಹೇಳಬೇಕು. ಇಂಗ್ಲಿಷಿನಲ್ಲಿ ಅವರು ಬರೆದುಕೊಳ್ಳುವ ಕಂಪನಿ ಹೆಸರಿಗೆ ಕಾನೂನಿನ ಬೆಲೆ ಏನೂ ಇಲ್ಲ. ಚೀನೀ ಹೆಸರೇ ಅಸಲಿ ಹೆಸರು. ಅದಕ್ಕೇ ಲೈಸೆನ್ಸ್, ಇನ್‌ವಾಯ್ಸ್, ಬ್ಯಾಂಕ್ ಅಕೌಂಟ್ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಮೂರೂ ಒಂದೇ ಕಂಪನಿಯದ್ದು ಅಂತ ಖಚಿತ ಆಗದಿದ್ದರೆ, ಅವರು ಎಷ್ಟೇ ಚೆನ್ನಾಗಿ ಮಾತಾಡಲಿ, ಎಷ್ಟೇ ಬೇಗ ಉತ್ತರ ಕೊಡಲಿ, ದುಡ್ಡು ಕಳಿಸಬೇಡಿ. ಪೇಪಾಲ್‌ನಲ್ಲಿ 'ಫ್ರೆಂಡ್ಸ್ ಅಂಡ್ ಫ್ಯಾಮಿಲಿ' ಅಂತ ಹಾಕಿ ಅನ್ನೋದೂ ಇದೇ ಜಾತಿ. ಹಾಗೆ ಕಳಿಸಿದ ದುಡ್ಡಿಗೆ ಖರೀದಿದಾರರ ರಕ್ಷಣೆ ಇರೋದಿಲ್ಲ.

3 ಮತ್ತು 4ನೇ ವಾರ

ಉಳಿದ ಮೂವರಿಗೆ ಎರಡು ವಸ್ತು ಕೇಳಿದೆ. ಒಂದು, ಸೆಲ್‌ಗಳ ಯುಎನ್ 38.3 ಪರೀಕ್ಷೆಯ ಸಾರಾಂಶ. ಲಿಥಿಯಂ ಬ್ಯಾಟರಿ ಸಾಗಿಸೋಕೆ ಈ ಪರೀಕ್ಷೆ ಆಗಿರಲೇಬೇಕು, 2020ರಿಂದ ಅದರ ಸಾರಾಂಶವನ್ನು ಕೇಳಿದವರಿಗೆ ಕೊಡಬೇಕು ಅಂತಲೂ ನಿಯಮ ಇದೆ. ನಿಜವಾಗಿ ಬ್ಯಾಟರಿ ಕಳಿಸುವವರ ಕಂಪ್ಯೂಟರಿನಲ್ಲಿ ಆ ಫೈಲ್ ಇದ್ದೇ ಇರುತ್ತದೆ. ಎರಡು, ಒಂದು ವಿಡಿಯೋ: ಎಂಟು ಸೆಲ್ ಸಾಲಾಗಿ ಇಟ್ಟು, ಪಕ್ಕದಲ್ಲಿ ನನ್ನ ಹೆಸರು, ಆ ದಿನದ ತಾರೀಕು ಬರೆದ ಚೀಟಿ ಇಟ್ಟು, ಒಂದೊಂದರ ಕ್ಯೂಆರ್ ಕೋಡನ್ನೂ ಹತ್ತಿರದಿಂದ ತೋರಿಸಬೇಕು.

ಒಬ್ಬರು ಫೋಟೋ ಮಾತ್ರ ಕಳಿಸಿದರು. ಆ ಫೋಟೋವನ್ನು ಇಮೇಜ್ ಸರ್ಚ್‌ಗೆ ಹಾಕಿದರೆ ಬೇರೆ ಬೇರೆ ಆರು ಮಾರಾಟಗಾರರ ಪುಟದಲ್ಲಿ ಅದೇ ಮೇಜು, ಅದೇ ಸೆಲ್. ಇನ್ನೊಬ್ಬರು ಎಲ್ಲ ಕೊಟ್ಟರು, ಆದರೆ ಕಸ್ಟಮ್ಸ್ ಕಾಗದದಲ್ಲಿ 'ಆಟಿಕೆ' ಅಂತ ಬರೆದು ಬೆಲೆ ಕಾಲುಭಾಗ ತೋರಿಸ್ತೀವಿ, ನಿಮಗೇ ಲಾಭ ಅಂದರು. ಅದು ಲಾಭ ಅಲ್ಲ. ಸುಳ್ಳು ಘೋಷಣೆಗೆ ಆಮದು ಮಾಡಿಕೊಂಡವರೇ ಉತ್ತರ ಹೇಳಬೇಕು, ಮಾಲು ಕಳೆದುಹೋದರೆ ಸಿಗುವ ಪರಿಹಾರವೂ ಕಾಗದದಲ್ಲಿರುವ ಬೆಲೆಗೇ ನಿಲ್ಲಬಹುದು. ಅಷ್ಟಕ್ಕೂ 40 ಕಿಲೋಗೂ ಜಾಸ್ತಿ ಲಿಥಿಯಂ ಸೆಲ್‌ಗಳನ್ನು ಆಟಿಕೆ ಅಂತ ಸಾಗಿಸಿದರೆ, ಅದನ್ನು ಎತ್ತಿಡುವ ಕೆಲಸಗಾರರಿಗೆ ಒಳಗೇನಿದೆ ಅಂತಲೇ ಗೊತ್ತಿರೋದಿಲ್ಲ. ನನಗೆ ಅದು ಸುತರಾಂ ಒಪ್ಪಿಗೆ ಇಲ್ಲ.

ಮೂರನೆಯವರು ವಿಡಿಯೋ ಕಳಿಸಿದರು. ಚೀಟಿಯಲ್ಲಿ ನನ್ನ ಹೆಸರಿನ ಒಂದು ಅಕ್ಷರ ತಪ್ಪಿತ್ತು, ಆದರೆ ಚೀಟಿ ಅಲ್ಲೇ ಇತ್ತು. ಅವರಿಗೇ ಆರ್ಡರ್ ಕೊಟ್ಟೆ. ಪಾವತಿ ಪೂರ್ತಿ ಪ್ಲಾಟ್‌ಫಾರ್ಮ್, ಅಂದರೆ ಆ ಮಾರಾಟ ತಾಣದ ಒಳಗೇ. ಡಿಡಿಪಿ ಷರತ್ತು, ಅಂದರೆ ಸುಂಕ ಕಟ್ಟಿ ಬಾಗಿಲಿಗೆ ತಲುಪಿಸೋದು ಅವರ ಹೊಣೆ. ಸಿಐಎಫ್, ಅಂದರೆ ಬಂದರಿನ ತನಕದ ಸಾಗಣೆ, ವಿಮೆ ಮಾತ್ರ ಅವರದು ಅಂತ ಒಪ್ಪಿಕೊಂಡಿದ್ದರೆ ಬಂದರಿನಿಂದ ಈಚೆಯ ಖರ್ಚೆಲ್ಲ ನನ್ನ ತಲೆ ಮೇಲೆ ಬರುತ್ತಿತ್ತು. ಆರ್ಡರ್ ವಿವರಣೆಯಲ್ಲಿ 'ಹೊಸ ಸೆಲ್, ಪ್ರತಿಯೊಂದೂ 280 ಆಂಪಿಯರ್ ಅವರ್‌ಗೆ ಕಡಿಮೆ ಇರಬಾರದು, ಒಳ ಪ್ರತಿರೋಧ 0.25 ಮಿಲಿಓಮ್ ಒಳಗೆ' ಅಂತ ಬರೆಸಿದೆ. ಈ ಒಂದು ಸಾಲು ಆಮೇಲೆ ಎಷ್ಟು ಕೆಲಸಕ್ಕೆ ಬಂತು ಅಂತ ಕೆಳಗೆ ಹೇಳ್ತೀನಿ.

ಆರ್ಡರ್ ಆಗಿ ಎರಡು ದಿನಕ್ಕೆ ಒಂದು ಇಮೇಲ್. 'ನಿಮ್ಮ ಪಾವತಿ ಪ್ಲಾಟ್‌ಫಾರ್ಮ್‌ನಲ್ಲಿ ಸಿಕ್ಕಿಕೊಂಡಿದೆ, ರದ್ದು ಮಾಡಿ, ನಮ್ಮ ಅಕೌಂಟ್ ಆಡಿಟ್‌ನಲ್ಲಿದೆ, ಈ ಹೊಸ ಅಕೌಂಟಿಗೆ ಹಾಕಿ.' ಹೆಸರು ಅದೇ, ಲೋಗೋ ಅದೇ, ನನ್ನ ಆರ್ಡರ್ ನಂಬರ್ ಕೂಡ ಸರಿಯಾಗಿತ್ತು. ಎದೆ ಧಸಕ್ ಅಂತು. ವಿಳಾಸವನ್ನು ಕಾಪಿ ಮಾಡಿ ದೊಡ್ಡ ಅಕ್ಷರದಲ್ಲಿ ಇಟ್ಟು ನೋಡಿದೆ. ಕಂಪನಿ ಹೆಸರಿನಲ್ಲಿ 'ಎಂ' ಇರಬೇಕಾದ ಜಾಗದಲ್ಲಿ 'ಆರ್' ಮತ್ತು 'ಎನ್' ಅಂಟಿಕೊಂಡು ಕೂತಿದ್ದವು. ಸಣ್ಣ ಅಕ್ಷರದಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಮೊದಲು ಮಾತಾಡಿದ್ದ ನಂಬರಿಗೇ ವಿಡಿಯೋ ಕಾಲ್ ಮಾಡಿದೆ, ಇಮೇಲ್‌ನಲ್ಲಿದ್ದ ನಂಬರಿಗಲ್ಲ. ಸೇಲ್ಸ್‌ನ ಹೆಣ್ಣುಮಗಳು ಗಾಬರಿಯಾದರು. ಅವರ ಮೇಲ್‌ಬಾಕ್ಸ್‌ಗೆ ಯಾರೋ ನುಗ್ಗಿದ್ದರು. ಅಂದರೆ ಸಪ್ಲೈಯರ್ ಪ್ರಾಮಾಣಿಕರಾಗಿದ್ದರೂ ದುಡ್ಡು ಹೋಗಬಹುದು.

6ನೇ ವಾರ

ಬಿಎಂಎಸ್ ಅನ್ನು ಬೇರೆ ಸಣ್ಣ ಮಾರಾಟಗಾರರಿಂದ ತರಿಸಿದ್ದೆ. 'ಅಂಚೆಯಲ್ಲಿ ಕಳಿಸಿದ್ದೇವೆ' ಅಂತ ಟ್ರ್ಯಾಕಿಂಗ್ ನಂಬರ್ ಕೊಟ್ಟರು. ಹತ್ತು ದಿನವಾದರೂ ಏನೂ ತೋರಿಸಲಿಲ್ಲ. ಆಗ ಆ ನಂಬರನ್ನೇ ಲೆಕ್ಕ ಹಾಕಿ ನೋಡಿದೆ.

ಇದು ಎಲ್ಲರಿಗೂ ಗೊತ್ತಿರಲಿ. ದೇಶ ದಾಟುವ ಅಂಚೆ ಪಾರ್ಸೆಲ್‌ನ ನಂಬರಿಗೆ ಎಸ್10 ಅಂತ ಒಂದು ಮಾನದಂಡ ಇದೆ, ದೇಶದೇಶಗಳ ಅಂಚೆಯನ್ನು ಹೊಂದಿಸುವ ಯೂನಿವರ್ಸಲ್ ಪೋಸ್ಟಲ್ ಯೂನಿಯನ್ ಮಾಡಿದ್ದು. ಎರಡು ಅಕ್ಷರ, ಒಂಬತ್ತು ಅಂಕಿ, ಕೊನೆಗೆ ಕಳಿಸಿದ ದೇಶದ ಎರಡು ಅಕ್ಷರ. ಒಂಬತ್ತನೇ ಅಂಕಿ ಸುಮ್ನೆ ಬರೋದಲ್ಲ, ಮೊದಲ ಎಂಟರಿಂದ ಹುಟ್ಟುತ್ತದೆ. ಆ ಎಂಟನ್ನೂ ಕ್ರಮವಾಗಿ 8, 6, 4, 2, 3, 5, 9, 7ರಿಂದ ಗುಣಿಸಿ ಕೂಡಿಸಬೇಕು. ಮೊತ್ತವನ್ನು 11ರಿಂದ ಭಾಗಿಸಿ, ಶೇಷವನ್ನು 11ರಿಂದ ಕಳೆಯಬೇಕು. ಉತ್ತರ 10 ಬಂದರೆ 0, 11 ಬಂದರೆ 5. ನನಗೆ ಕೊಟ್ಟಿದ್ದು 60521834, ಆಮೇಲೆ 1. ಲೆಕ್ಕ ಹಾಕಿದರೆ 48, 0, 20, 4, 3, 40, 27, 28. ಒಟ್ಟು 170. ಶೇಷ 5. ಹಾಗಾಗಿ ಒಂಬತ್ತನೇ ಅಂಕಿ 6 ಇರಬೇಕಿತ್ತು. ನಂಬರ್ ಕೈಯಲ್ಲಿ ಕಟ್ಟಿದ್ದು.

ಕೇಳಿದ್ದಕ್ಕೆ 'ಇನ್ನೂ ಇಪ್ಪತ್ತು ದಿನ ಕಾಯಿರಿ, ಡಿಸ್ಪ್ಯೂಟ್ (ದುಡ್ಡು ವಾಪಸ್ ಕೇಳುವ ದೂರು) ಹಾಕಬೇಡಿ, ಹೊಸದು ಕಳಿಸ್ತೀವಿ' ಅಂತ ತುಂಬಾ ಮೆತ್ತಗೆ ಬರೆದರು. ಗಡುವು ಹದಿನೆಂಟು ದಿನಕ್ಕೆ ಮುಗಿಯುವುದಿತ್ತು. ಆ ಇಪ್ಪತ್ತು ಎಲ್ಲಿಂದ ಬಂತು ಅಂತ ಆಗ ಅರ್ಥವಾಯಿತು. ಅವತ್ತೇ ಡಿಸ್ಪ್ಯೂಟ್ ಹಾಕಿದೆ, ಲೆಕ್ಕದ ಸ್ಕ್ರೀನ್‌ಶಾಟ್ ಸೇರಿಸಿದೆ. ಒಂಬತ್ತು ದಿನಕ್ಕೆ ದುಡ್ಡು ಪೂರ್ತಿ ವಾಪಸ್ ಬಂತು. ನಡುವೆ 'ಡಿಸ್ಪ್ಯೂಟ್ ಮುಚ್ಚಿ, ಅರ್ಧ ಈಗಲೇ ಕೊಡ್ತೀವಿ' ಅಂದರು. ಮುಚ್ಚಲಿಲ್ಲ. ಒಮ್ಮೆ ಮುಚ್ಚಿದರೆ ಮತ್ತೆ ತೆಗೆಯೋಕೆ ಆಗೋದಿಲ್ಲ ಅಂತ ಆ ಪುಟದಲ್ಲೇ ಬರೆದಿತ್ತು.

12ನೇ ವಾರ

ಹಡಗಿನಲ್ಲಿ ಬಂದ ಪೆಟ್ಟಿಗೆ. ಒಡೆಯುವ ಮೊದಲು ತೂಕ ಮಾಡಿದೆ, ಲೇಬಲ್ ತೋರಿಸಿದೆ, ಎಲ್ಲ ಒಂದೇ ವಿಡಿಯೋದಲ್ಲಿ, ಎಲ್ಲೂ ಕಟ್ ಇಲ್ಲದೆ. ಒಂದೊಂದು ಸೆಲ್ 5.4 ಕಿಲೋ ಆಸುಪಾಸು, ಅಲ್ಲಿಗೆ ಅರ್ಧ ಜೀವ ಬಂತು. ಊತ ಇಲ್ಲ. ಕ್ಯೂಆರ್ ಕೋಡ್ ಕೆರೆದು ಮತ್ತೆ ಬರೆದ ಗುರುತು ಇಲ್ಲ. ಅವರ ವಿಡಿಯೋದಲ್ಲಿದ್ದ ಎಂಟು ಕೋಡ್‌ಗಳೇ ಇಲ್ಲೂ ಇವೆ, ಒಂದೊಂದಾಗಿ ತಾಳೆ ನೋಡಿದೆ.

ಎಲ್ಲವನ್ನೂ ಪ್ಯಾರಲಲ್ ಆಗಿ ಜೋಡಿಸಿ 3.65 ವೋಲ್ಟ್ ತನಕ ಚಾರ್ಜ್ ಮಾಡಿ, ಆಮೇಲೆ ಒಂದೊಂದನ್ನೇ 20 ಆಂಪಿಯರ್‌ನಲ್ಲಿ 2.5 ವೋಲ್ಟ್ ತನಕ ಇಳಿಸಿ, ನಿಜವಾಗಿ ಎಷ್ಟು ಆಂಪಿಯರ್ ಅವರ್ ಕೊಡುತ್ತದೆ ಅಂತ ಅಳೆಯುತ್ತಿದ್ದೇನೆ. ಒಂದಕ್ಕೆ ಹದಿನಾಲ್ಕು ಗಂಟೆ ಬೇಕು, ದಿನಕ್ಕೆ ಒಂದೇ ಆಗುತ್ತದೆ. ದೂರು ಕೊಡೋಕೆ ಕೈಸೇರಿದ ದಿನದಿಂದ 30 ದಿನದ ಗಡುವು ಇದೆ, ಅದಕ್ಕೇ ಪೆಟ್ಟಿಗೆ ಬಂದ ಸಂಜೆಯೇ ಶುರು ಮಾಡಿದೆ.

ಆರು ಸೆಲ್ 281ರಿಂದ 286ರ ಒಳಗೆ ಬಂದವು. ಐದನೆಯದು ಮಾತ್ರ 264. ಒಳ ಪ್ರತಿರೋಧವೂ ಉಳಿದವುಗಳಿಗಿಂತ ಜಾಸ್ತಿ, 0.31 ಮಿಲಿಓಮ್. ಎರಡನೇ ಸಲ ಇಳಿಸಿದೆ, 265. ಸಾಲಾಗಿ ಜೋಡಿಸಿದ ಪ್ಯಾಕ್‌ನಲ್ಲಿ ಎಲ್ಲಕ್ಕಿಂತ ಸೋತ ಸೆಲ್ ಎಷ್ಟು ಕೊಡುತ್ತದೋ ಅಷ್ಟೇ ಕೆಲಸಕ್ಕೆ ಬರೋದು, ಹಾಗಾಗಿ ಇದನ್ನು ಸುಮ್ನೆ ಬಿಡೋ ಹಾಗಿಲ್ಲ. ಟೆಸ್ಟರ್‌ನ ಗ್ರಾಫ್, ಸೆಲ್‌ನ ಕ್ಯೂಆರ್ ಕೋಡ್, ಆರ್ಡರ್‌ನಲ್ಲಿ ಬರೆಸಿದ್ದ ಆ ಸಾಲು, ಮೂರನ್ನೂ ಸೇರಿಸಿ ಪ್ಲಾಟ್‌ಫಾರ್ಮ್ ಒಳಗೇ ಸಂದೇಶ ಹಾಕಿದೆ. ಅರ್ಧ ದಿನದಲ್ಲಿ ಉತ್ತರ ಬಂತು: ಬದಲಿ ಸೆಲ್ ಕಳಿಸ್ತೀವಿ, ಅದು ತಲುಪುವ ತನಕ ದೂರು ತೆರೆದೇ ಇರಲಿ. ಈ ಮಾತು ಅವರೇ ಹೇಳಿದ್ದು. ಅವರ ಮೇಲೆ ನಂಬಿಕೆ ಹೆಚ್ಚಿತು.

ಎಂಟನೆಯದು ಈಗ ಟೆಸ್ಟರ್‌ನಲ್ಲಿದೆ. ಒಂಬತ್ತು ಗಂಟೆ ಆಯಿತು, 3.24 ವೋಲ್ಟ್, 180 ಆಂಪಿಯರ್ ಅವರ್ ಇಳಿದಿದೆ. ಬದಲಿ ಸೆಲ್ ಬರುವಷ್ಟರಲ್ಲಿ ಸೆಲ್‌ಗಳನ್ನು ಬಿಗಿಯಾಗಿ ಒತ್ತಿ ಹಿಡಿಯುವ ಪಟ್ಟಿಗಳಿಗೆ ಪ್ಲೈವುಡ್ ಕತ್ತರಿಸಿ ಇಡ್ತೀನಿ. ಬಿಎಂಎಸ್ ಹೊಸ ಆರ್ಡರ್ ಹೋಗಿದೆ, ಈ ಸಲದ ಟ್ರ್ಯಾಕಿಂಗ್ ನಂಬರಿನ ಒಂಬತ್ತನೇ ಅಂಕಿ ಸರಿಯಾಗಿದೆ.