ಹೊನ್ನಾವರದ ಕಾಂಡ್ಲಾ, ಕುಮಟಾದ ಬಳಚು: ಜೀವವಿಜ್ಞಾನ ವಿದ್ಯಾರ್ಥಿಗಳ ಪ್ರವಾಸಕ್ಕೆ

ಹೊನ್ನಾವರದಿಂದ ಶರಾವತಿ ಸೇತುವೆ ದಾಟಿದರೆ ಕಾಸರಕೋಡಿನ ಕಾಂಡ್ಲಾ (ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಮ್ಯಾಂಗ್ರೋವ್) ಕಾಡಿನ ಹಲಗೆಯ ನಡಿಗೆ ಹಾದಿ. ಬಸ್ಸು ಗೊತ್ತುಮಾಡುವ ಮೊದಲು ಉಬ್ಬರ-ಇಳಿತದ ವೇಳಾಪಟ್ಟಿ ನೋಡಿ. ಉಬ್ಬರದಲ್ಲಿ ಹೋದರೆ ಬೇರುಗಳೆಲ್ಲ ಮುಳುಗಿರುತ್ತವೆ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿನ ಇಳಿತದಲ್ಲಿ ಕೆಸರು ಹೆಚ್ಚು ತೆರೆದುಕೊಳ್ಳುತ್ತದೆ. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಅಳಿವೆಯಿಂದ ಒಳಗೆ ಹೋದಷ್ಟೂ ಇನ್ನಷ್ಟು ತಡ.

ಹಾದಿಯ ಮೇಲೆ 8-10 ಮಂದಿಯ ಗುಂಪು ಸಾಕು. ಹಲಗೆ ಅದುರಿದರೆ ಫಿಡ್ಲರ್ ಏಡಿಗಳು ಬಿಲ ಸೇರುತ್ತವೆ. ಹತ್ತು ನಿಮಿಷ ಅಲುಗಾಡದೆ ನಿಂತರೆ ಹೊರಬರುತ್ತವೆ. ಗಂಡಿಗೆ ಮಾತ್ರ ಒಂದು ಕೊಂಡಿ ಭಾರಿ ದೊಡ್ಡದು. ಅದರಿಂದ ಮೇಯಲಾಗದು, ಹೆಣ್ಣನ್ನು ಕರೆಯಲು, ಎದುರಾಳಿಯನ್ನು ನೂಕಲು ಅದು ಬೇಕು. ಲೈಂಗಿಕ ಆಯ್ಕೆಗೆ (ಸಂಗಾತಿ ಗಳಿಸಲು ನೆರವಾಗುವ ಗುಣ ಪೀಳಿಗೆಯಿಂದ ಪೀಳಿಗೆಗೆ ಉಳಿದು ಬೆಳೆಯುವುದು) ಇದಕ್ಕಿಂತ ಸ್ಪಷ್ಟ ಪಾಠ ಕರಾವಳಿಯಲ್ಲಿ ಸಿಗುವುದು ಕಷ್ಟ. ಎಡಗೊಂಡಿ, ಬಲಗೊಂಡಿ ಎಷ್ಟೆಷ್ಟು ಎಂದು ಎಣಿಸಲು ಹೇಳಿ.

ಮುಂದೆ ಎರಡು ಬಗೆಯ ಕಾಂಡ್ಲಾ ಮರಗಳು. ರೈಜೋಫೊರಾ ಬೇರಿನಲ್ಲೇ ಉಪ್ಪನ್ನು ಬಹುಪಾಲು ತಡೆಯುತ್ತದೆ. ಅವಿಸೀನಿಯಾ ಎಲೆಯಿಂದ ಉಪ್ಪು ಹೊರಹಾಕುತ್ತದೆ, ನಾಲಿಗೆಗೆ ತಾಗಿಸಿದರೆ ತಿಳಿಯುತ್ತದೆ. ಅವಿಸೀನಿಯಾ ಆಡುಸೋಗೆಯ ಕುಟುಂಬದ್ದು, ರೈಜೋಫೊರಾ ಬೇರೆಯೇ ಕುಟುಂಬದ್ದು: ಉಪ್ಪಿನಲ್ಲಿ ಬದುಕುವ ಗುಣ ಎರಡಕ್ಕೂ ಬೇರೆ ಬೇರೆಯಾಗಿ ಬಂದದ್ದು. "ಉಸಿರಾಡಲೆಂದು ಮರ ಬೇರನ್ನು ಮೇಲೆ ಕಳಿಸಿತು" ಎಂದು ಮಕ್ಕಳು ಬರೆದರೆ ಅಲ್ಲಿಯೇ ತಿದ್ದಿ: ಕೆಸರಿನಲ್ಲಿ ಆಮ್ಲಜನಕ ಕಡಿಮೆ, ಅಂಥ ಬೇರಿನತ್ತ ವಾಲಿದ್ದ ಗಿಡಗಳೇ ಹೆಚ್ಚು ಸಂತತಿ ಬಿಟ್ಟವು.

ಇಷ್ಟಕ್ಕೇ ಮರಳಬೇಡಿ. ಸುಮಾರು 20 ಕಿ.ಮೀ. ದೂರದ ಕುಮಟಾ ಬಳಿ ಅಘನಾಶಿನಿ ಇದೆ. ಶರಾವತಿಗೆ ಅಣೆಕಟ್ಟುಗಳಿವೆ, ವಿದ್ಯುದಾಗಾರದಿಂದ ಬಿಡುವ ಸಿಹಿನೀರು ಬೇಸಿಗೆಯಲ್ಲೂ ಅಳಿವೆಗೆ ಬರುತ್ತದೆ. ಅಘನಾಶಿನಿಗೆ ಅಂಥ ಅಣೆಕಟ್ಟು ಇಲ್ಲ. ಅಲ್ಲಿ ಇಳಿತದಲ್ಲಿ ಜನ ಬಳಚು (ಎರಡು ಚಿಪ್ಪಿನ ಜೀವಿ) ಹೆಕ್ಕುತ್ತಾರೆ. ಉಪ್ಪು ತಗ್ಗಿದ ಶರಾವತಿಯಲ್ಲಿ ಬಳಚು ತೀರಾ ಕಡಿಮೆ. ರಿಫ್ರಾಕ್ಟೋಮೀಟರ್ (ನೀರಿನ ಉಪ್ಪು ಅಳೆಯುವ ಸಾಧನ) ಒಯ್ದು, ಬಟ್ಟಿ ಇಳಿಸಿದ ನೀರಿನಿಂದ ಸೊನ್ನೆಗೆ ಹೊಂದಿಸಿಕೊಂಡು, ಎರಡೂ ಕಡೆ ಉಬ್ಬರ-ಇಳಿತದ ಒಂದೇ ಹಂತದಲ್ಲಿ ಲವಣಾಂಶ ಅಳೆಯಿರಿ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ಒಂದೇ ದಿನದ ಇಳಿತದಲ್ಲಿ ಎರಡೂ ನದಿ ಸಿಗವು, ಎರಡು ದಿನ ಇಟ್ಟುಕೊಳ್ಳಿ. ಮಳೆಗಾಲದಲ್ಲಿ ಎರಡೂ ಸಿಹಿಯಾಗುವುದರಿಂದ ಫೆಬ್ರವರಿ-ಏಪ್ರಿಲ್ ಸೂಕ್ತ.

ಕಲ್ಲಿಗಂಟಿದ ಚಿಪ್ಪು ಕಾಲು ಕೊಯ್ಯುತ್ತದೆ, ಚಪ್ಪಲಿ ಸಾಲದು, ಹಳೆಯ ಶೂ ಬೇಕು. ಅಘನಾಶಿನಿಯ ಗಜನಿ ಗದ್ದೆಯ (ಉಬ್ಬರದ ಉಪ್ಪುನೀರು ನುಗ್ಗುವ ತಗ್ಗು ಗದ್ದೆ) ಕಗ್ಗ ಭತ್ತ ಮಳೆಗಾಲದ ಬೆಳೆ. ಬೇಸಿಗೆಯಲ್ಲಿ ಹೋದವರು ರೈತರಲ್ಲಿ ಒಂದು ಹಿಡಿ ಬೀಜ ಕೇಳಿ ನೋಡಿ. ಉಪ್ಪು ತಡೆಯುವ ಈ ತಳಿಯನ್ನು ಆಯ್ದು ಉಳಿಸಿಕೊಂಡವರು ಅವರೇ.