ಗ್ರಾಫಿಕ್ಸ್ ಕಾರ್ಡ್ ಮುಂದಿನ ದೀಪಾವಳಿಗೆ

ಮೂರು ವಾರ ತಲೆ ಕೆಡಿಸಿಕೊಂಡು ಕೊನೆಗೆ ಹೊಸ ಕಂಪ್ಯೂಟರಿಗೆ ಎಎಂಡಿಯವರ ರೈಜೆನ್ 5 5600ಜಿ ಪ್ರೊಸೆಸರ್ ತಗೊಂಡೆ. 6 ಕೋರ್ (ಲೆಕ್ಕ ಮಾಡುವ ಘಟಕ), 12 ಥ್ರೆಡ್ (ಒಟ್ಟಿಗೆ ನಡೆಸಬಲ್ಲ ಕೆಲಸಗಳು). ಗೋಳಗುಮ್ಮಟದ ಹತ್ತಿರದ ಅಂಗಡಿಯವರು ಇಂಟೆಲ್‌ನ ಐ3 12100ಎಫ್ ಒಳ್ಳೇದು ಅಂದಿದ್ದರು. ಒಪ್ಪಿದೆ, ನಾನು ಆಡುವ ಗೇಮಿಗೆ ಅದರ 4 ಕೋರ್ ಸಾಕು. ಆದರೆ ಹೆಸರಿನ ಕೊನೆಯ ಆ 'ಎಫ್' ಅಂದರೆ ಒಳಗೆ ಗ್ರಾಫಿಕ್ಸ್, ಅಂದರೆ ಪರದೆಗೆ ಚಿತ್ರ ಕೊಡುವ ಭಾಗ, ಇಲ್ಲ. ಅದಕ್ಕೆ ಬೇರೆ ಗ್ರಾಫಿಕ್ಸ್ ಕಾರ್ಡ್ ಬೇಕು. ಕಾರ್ಡಿಗೆ ದುಡ್ಡಿಲ್ಲದ ನಾನು ಸುಮ್ನೆ ಕಪ್ಪು ಪರದೆ ನೋಡುತ್ತಾ ಕೂರಬೇಕಿತ್ತು, ಅಲ್ವಾ?

5600ಜಿಯಲ್ಲಿ ಗ್ರಾಫಿಕ್ಸ್ ಒಳಗೇ ಇದೆ, ಆದರೆ ಅದಕ್ಕೂ ಕೊರತೆ ಇದೆ. ಎಲ್3 ಕ್ಯಾಶ್ (ಪ್ರೊಸೆಸರಿನೊಳಗಿನ ಚುರುಕು ಮೆಮೊರಿ) 16 ಎಂಬಿ ಮಾತ್ರ, 'ಜಿ' ಇಲ್ಲದ ಬರೀ 5600ರಲ್ಲಿ 32. ಒಳಗಿನ ಗ್ರಾಫಿಕ್ಸಿಗೆ ಸ್ವಂತ ಮೆಮೊರಿ ಇಲ್ಲ, ಕಂಪ್ಯೂಟರಿನ ರ‍್ಯಾಮನ್ನೇ ಹಂಚಿಕೊಳ್ಳುತ್ತದೆ. ಅದಕ್ಕೇ 16 ಜಿಬಿಯ ಒಂದು ರ‍್ಯಾಮ್ ಪಟ್ಟಿಯ ಬದಲು 8ರ ಎರಡು ಹಾಕಿದೆ. ಎರಡೂ ಒಟ್ಟಿಗೆ ಕೆಲಸ ಮಾಡಿ ಗೇಮಿನಲ್ಲಿ ಸೆಕೆಂಡಿಗೆ ಫ್ರೇಮ್ (ಚಿತ್ರ) ಜಾಸ್ತಿ ಸಿಗುತ್ತವೆ.

ಪ್ರೊಸೆಸರ್ 65 ವ್ಯಾಟಿನದು, ತಣ್ಣಗಿಡಲು ಜೊತೆಗೆ ಬಂದ ಫ್ಯಾನೇ ಸಾಕು. ಆದರೂ ವಿಜಯಪುರದ ಏಪ್ರಿಲ್ ಬಿಸಿಲಿಗೆ ಹೆದರಿ ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ತೆಗೆದೇ ಇಟ್ಟಿದ್ದೇನೆ. ಧೂಳು ಹೊಕ್ಕೀತು ಅಂತ ಅವ್ವ ದಿನಾ ಬಯ್ಯುತ್ತಾಳೆ.