ಲೈಸೆನ್ಸ್ ಕೈಗೆ ಬಂದರೆ ನಾನು ಮೊದಲು ನೋಡುವುದು ನಕ್ಷೆ

ಫಿಕ್ಸೆಡ್ ವೈರ್‌ಲೆಸ್ ಬ್ರಾಡ್‌ಬ್ಯಾಂಡ್ ಕೊಡುವ ಕಂಪನಿಯೊಂದರಲ್ಲಿ ನಾನು ಸ್ಪೆಕ್ಟ್ರಮ್ ಲೈಸೆನ್ಸ್ ಕೆಲಸ ನೋಡಿಕೊಳ್ಳುತ್ತೇನೆ. ಫೈಬರ್ ಎಳೆಯಲು ಆಗದ ಕಡೆ ಟವರ್‌ನಿಂದ ಮನೆಯ ತಾರಸಿಗೆ ಗಾಳಿಯಲ್ಲೇ ಇಂಟರ್ನೆಟ್ ಕಳಿಸುವುದು ನಮ್ಮ ಕಸುಬು. ಅದಕ್ಕೆ ಬೇಕಾದ ತರಂಗಾಂತರಕ್ಕೆ ಅರ್ಜಿ ಹಾಕುವುದು, ಷರತ್ತು ಓದುವುದು, ಪಕ್ಕದವರ ಲಿಂಕ್‌ಗೆ, ಅಂದರೆ ಎರಡು ಆಂಟೆನಾ ನಡುವಿನ ಸಂಪರ್ಕಕ್ಕೆ, ತೊಂದರೆ ಆಗದ ಹಾಗೆ ಅವರ ಜೊತೆ ಮಾತಾಡಿಕೊಳ್ಳುವುದು ನನ್ನ ಪಾಲಿನದು.

ಹೊಸದಾಗಿ ಸೇರಿದವರು ಬಂದ ತಕ್ಷಣ ಕೇಳುವುದು ಒಂದೇ: "ಸರ್, ಎಷ್ಟು ಮೆಗಾಹರ್ಟ್ಸ್ ಸಿಗುತ್ತೆ?" ಅಂದರೆ ತರಂಗಾಂತರದ ಪಟ್ಟಿ ಎಷ್ಟು ಅಗಲ ಅಂತ. ಅದನ್ನು ಆಮೇಲೆ ನೋಡೋಣ, ಲೈಸೆನ್ಸ್ ಎಷ್ಟು ಜಾಗಕ್ಕೆ ಅಂತ ಮೊದಲು ಹೇಳಿ ಅನ್ನುತ್ತೇನೆ. 24 ಗಿಗಾಹರ್ಟ್ಸ್‌ಗಿಂತ ಮೇಲೆ ಹೋದರೆ ಮೆಗಾಹರ್ಟ್ಸ್‌ಗೆ ಬರ ಇಲ್ಲ. ತಕರಾರೆಲ್ಲ ಜಾಗದ್ದೇ.

28 ಗಿಗಾಹರ್ಟ್ಸ್‌ನಲ್ಲಿ ಅಲೆಯ ಉದ್ದ ಸುಮಾರು ಒಂದು ಸೆಂಟಿಮೀಟರ್. ಇಷ್ಟು ಗಿಡ್ಡ ಅಲೆಗೆ ಗೋಡೆಯೂ ಅಡ್ಡ, ಎಲೆಯೂ ಅಡ್ಡ. ಬಿಸಿಲಿನ ಕಾವು ತಡೆಯಲು ತೆಳು ಲೋಹದ ಲೇಪನ ಹಚ್ಚಿದ ಕಿಟಕಿ ಗಾಜಂತೂ ಸಿಗ್ನಲ್ಲನ್ನು ಒಳಗೇ ಬಿಡುವುದಿಲ್ಲ. ಹಾಗಾಗಿ ರಿಸೀವರ್ ಮನೆಯ ಹೊರಗೇ ಇರಬೇಕು, ಅಲ್ಲಿಂದ ಟವರ್ ನೇರ ಕಾಣಬೇಕು. ಇದರ ಮೇಲೆ ಮಳೆ. ಗಂಟೆಗೆ 50 ಮಿಲಿಮೀಟರ್ ಲೆಕ್ಕದಲ್ಲಿ ಸುರಿಯುತ್ತಿದ್ದರೆ 28 ಗಿಗಾಹರ್ಟ್ಸ್ ಲಿಂಕ್ ಪ್ರತಿ ಕಿಲೋಮೀಟರ್‌ಗೆ 7ರಿಂದ 9 ಡೆಸಿಬಲ್ ಕಳೆದುಕೊಳ್ಳುತ್ತದೆ. 10 ಡೆಸಿಬಲ್ ಹೋಯಿತು ಅಂದರೆ ಹತ್ತರಲ್ಲಿ ಒಂದು ಪಾಲು ಶಕ್ತಿ ಮಾತ್ರ ಉಳಿಯಿತು ಅಂತ ಅರ್ಥ. ಬೀಳುವ ದೊಡ್ಡ ಹನಿ ಚಪ್ಪಟೆಯಾಗಿ ಅಡ್ಡಡ್ಡ ಹರಡಿಕೊಳ್ಳುತ್ತದೆ. ಅದಕ್ಕೇ ಅಡ್ಡ ಪೋಲರೈಸೇಷನ್‌ಗೆ, ಅಂದರೆ ಅಡ್ಡಡ್ಡ ಕಂಪಿಸುವ ಅಲೆಗೆ, ಪೆಟ್ಟು ಜಾಸ್ತಿ, ಲಂಬ ಪೋಲರೈಸೇಷನ್‌ಗೆ ಸ್ವಲ್ಪ ಕಡಿಮೆ. ವರ್ಷಕ್ಕೆ 53 ನಿಮಿಷಕ್ಕಿಂತ ಹೆಚ್ಚು ಲಿಂಕ್ ಕಡಿಯಬಾರದು ಅಂತ ಗ್ರಾಹಕರು ಕೇಳಿದರೆ, ಅಂದರೆ ಶೇ 99.99 ಬೇಕು ಅಂದರೆ, ದೂರವನ್ನು ನಿರ್ಧರಿಸುವುದು ಆ ಊರಿನ ಅತಿ ಜೋರು ಮಳೆಯೇ.

ಇಷ್ಟೆಲ್ಲ ಕಳೆದು ಉಳಿಯುವುದು ಟವರ್ ಸುತ್ತ ಒಂದೆರಡು ಕಿಲೋಮೀಟರ್. ಈಗ ಒಂದು ಇಡೀ ರಾಜ್ಯಕ್ಕೆ ಕೊಟ್ಟ ಲೈಸೆನ್ಸನ್ನು ನೆನೆಸಿಕೊಳ್ಳಿ. ಲೈಸೆನ್ಸ್ ಪಡೆದವರು ಪಟ್ಟಣಗಳಲ್ಲಿ ನೂರಾರು ಟವರ್ ಹಾಕಿದರೂ ನಕ್ಷೆಯ ಬಹುಪಾಲು ಖಾಲಿಯೇ. ಆ ಖಾಲಿ ಜಾಗದಲ್ಲಿ ಬೇರೆ ಯಾರಾದರೂ ಅದೇ ಬ್ಯಾಂಡ್ (ತರಂಗಾಂತರದ ಪಟ್ಟಿ) ಬಳಸಿದರೆ ಯಾರಿಗೂ ತೊಂದರೆ ಇಲ್ಲ. ಸಿಗ್ನಲ್ ಅಲ್ಲಿಗೆ ಮುಟ್ಟುವುದೇ ಇಲ್ಲವಲ್ಲ. ಆದರೂ ಬಳಸುವ ಹಾಗಿಲ್ಲ, ಕಾಗದದ ಮೇಲೆ ಅದು ಇನ್ನೊಬ್ಬರದು. 700 ಮೆಗಾಹರ್ಟ್ಸ್ ಹತ್ತಾರು ಕಿಲೋಮೀಟರ್ ಹರಡುತ್ತದೆ, ಅದಕ್ಕೆ ದೊಡ್ಡ ಪ್ರದೇಶ ಕೊಡುವುದು ಸರಿ. ಅದೇ ಅಳತೆಯನ್ನು ಸೆಂಟಿಮೀಟರ್ ಅಲೆಗೂ ಹಾಕಿದರೆ ಮನೆಗಳಿಗೆ ಇಂಟರ್ನೆಟ್ ತಪ್ಪುತ್ತದೆ.

ಇದು ಊಹೆಯ ಮಾತಲ್ಲ. ಅಮೆರಿಕದ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಎಫ್‌ಸಿಸಿ 1998ರಲ್ಲೇ 28 ಗಿಗಾಹರ್ಟ್ಸ್ ಬ್ಯಾಂಡನ್ನು ಎಲ್‌ಎಂಡಿಎಸ್ ಅನ್ನುವ ಹೆಸರಿನಲ್ಲಿ ಹರಾಜು ಹಾಕಿತು. ಒಂದೊಂದು ಪ್ರದೇಶಕ್ಕೆ 1,150 ಮೆಗಾಹರ್ಟ್ಸ್‌ನ ದೊಡ್ಡ ತುಂಡು. ಆಗಿನ ಉಪಕರಣ ದುಬಾರಿ, ಪ್ರತಿ ತಾರಸಿಗೂ ಆಳು ಹತ್ತಬೇಕು. ಪಕ್ಕದ ಬ್ಯಾಂಡ್‌ಗಳಲ್ಲಿ ಇದೇ ಕೆಲಸಕ್ಕೆ ಇಳಿದಿದ್ದ ಟೆಲಿಜೆಂಟ್ ಮತ್ತು ವಿನ್‌ಸ್ಟಾರ್ ಎರಡೂ 2001ರಲ್ಲಿ ದಿವಾಳಿ ಅರ್ಜಿ ಹಾಕಿದವು. ಎಷ್ಟೋ ಲೈಸೆನ್ಸ್‌ಗಳು ಸುಮ್ನೆ ವರ್ಷಗಟ್ಟಲೆ ಬಿದ್ದಿದ್ದವು. 39 ಗಿಗಾಹರ್ಟ್ಸ್‌ನಲ್ಲಿ ಇನ್ನೂ ಬೇಸರದ ಕಥೆ. ಲೈಸೆನ್ಸ್ ನವೀಕರಣಕ್ಕೆ ಕಂಪನಿಯೊಂದು ತೋರಿಸಿದ್ದ ಎಷ್ಟೋ ಲಿಂಕ್‌ಗಳು ನಿಜವಾಗಿ ನಡೆಯುತ್ತಲೇ ಇರಲಿಲ್ಲ ಅಂತ ಗೊತ್ತಾಯಿತು. 2017ರ ಜನವರಿಯಲ್ಲಿ ಎಫ್‌ಸಿಸಿ ಜೊತೆ ರಾಜಿಯಾಗಿ ಅದು ದಂಡಕ್ಕೆ ಒಪ್ಪಿತು, ಒಂದಷ್ಟು ಲೈಸೆನ್ಸ್ ವಾಪಸ್ ಕೊಟ್ಟಿತು. ಉಳಿದ ಸ್ಪೆಕ್ಟ್ರಮ್ ಸಮೇತ ಆ ಕಂಪನಿಯನ್ನು ಅದೇ ವರ್ಷ ಸುಮಾರು 310 ಕೋಟಿ ಡಾಲರ್‌ಗೆ ಕೊಳ್ಳಲು ದೊಡ್ಡ ಟೆಲಿಕಾಂ ಕಂಪನಿ ವೆರಿಝಾನ್ ಒಪ್ಪಿತು. ಬಳಸದೆ ಇಟ್ಟುಕೊಂಡಿದ್ದಕ್ಕೂ ಬೆಲೆ ಬರುತ್ತದೆ ಅಂದಮೇಲೆ ಹಳ್ಳಿಯ ಮನೆಗೆ ಆಂಟೆನಾ ಹಾಕಿಸಲು ಯಾರಿಗೆ ಅವಸರ ಇರುತ್ತದೆ?

ಇದಕ್ಕೆ ಪೂರಾ ಬೇರೆ ದಾರಿ 70 ಮತ್ತು 80 ಗಿಗಾಹರ್ಟ್ಸ್ ಬ್ಯಾಂಡ್‌ನದು. ಅಲ್ಲಿ ಎಫ್‌ಸಿಸಿ 2003ರಲ್ಲಿ ಪ್ರದೇಶ ಹಂಚಲಿಲ್ಲ. ದೇಶಕ್ಕೆಲ್ಲ ಅನ್ವಯಿಸುವ ಒಂದು ಲೈಸೆನ್ಸ್, ಕೇಳಿದ ಅರ್ಹರಿಗೆಲ್ಲ ಕೊಡುವುದು. ಆಮೇಲೆ ಒಂದೊಂದು ಲಿಂಕನ್ನೂ ನೋಂದಾಯಿಸಬೇಕು, ಮೊದಲು ನೋಂದಾಯಿಸಿದವರಿಗೆ ರಕ್ಷಣೆ. 60 ಸೆಂಟಿಮೀಟರ್ ಡಿಶ್ 80 ಗಿಗಾಹರ್ಟ್ಸ್‌ನಲ್ಲಿ ಬಿಡುವ ಕಿರಣ ಅರ್ಧ ಡಿಗ್ರಿಗಿಂತ ಕಿರಿದು. ಒಂದು ಕಿಲೋಮೀಟರ್ ದೂರದಲ್ಲೂ ಅದರ ಅಗಲ ಎಂಟು ಮೀಟರ್ ಆಸುಪಾಸು. ಅಂಥ ಎಷ್ಟೋ ಕಿರಣಗಳು ಒಂದೇ ಊರಿನ ಮೇಲೆ ಒಂದಕ್ಕೊಂದು ತಾಗದೆ ಹೋಗಬಹುದು, ಅಲ್ವಾ?

ಈ ನೋಂದಣಿಯಲ್ಲಿ ಸಣ್ಣ ವಿವರವೇ ಎಲ್ಲ. ಫೀಲ್ಡ್ ಎಂಜಿನಿಯರ್‌ಗಳು ಫೋನ್‌ನಿಂದ ಅಕ್ಷಾಂಶ ರೇಖಾಂಶ ಕಳಿಸುತ್ತಾರೆ, ಕೆಲವೊಮ್ಮೆ ದಶಮಾಂಶದ ನಂತರ ನಾಲ್ಕೇ ಅಂಕಿ. ಅಕ್ಷಾಂಶದ ನಾಲ್ಕನೇ ಅಂಕಿ ಒಂದು ಬದಲಾದರೆ 11 ಮೀಟರ್ ಆಚೀಚೆ. ಕಿರಣವೇ ಎಂಟು ಮೀಟರ್ ಇರುವಾಗ ಅದು ಆಗುವ ಮಾತಲ್ಲ, ಆರು ಅಂಕಿ ಕೇಳುತ್ತೇನೆ. ಆಂಟೆನಾ ಎತ್ತರ ನೆಲದಿಂದಲೋ ಸಮುದ್ರ ಮಟ್ಟದಿಂದಲೋ ಅಂತ ಸ್ಪಷ್ಟವಾಗಿ ಬರೆಸುತ್ತೇನೆ. ಇನ್ನು ದಿಕ್ಕು. ದಿಕ್ಸೂಚಿ ತೋರಿಸುವ ಉತ್ತರ ಬೇರೆ, ಭೂಮಿಯ ನಿಜವಾದ ಉತ್ತರ ಬೇರೆ. ಕೆಲವು ಕಡೆ ಈ ವ್ಯತ್ಯಾಸ ಹಲವು ಡಿಗ್ರಿ. ಅದಕ್ಕೇ ದಿಕ್ಕನ್ನು ಅಳೆದು ಬರೆಯುವುದಕ್ಕಿಂತ ಎರಡು ತುದಿಗಳ ಸ್ಥಾನದಿಂದ ಲೆಕ್ಕ ಹಾಕಿ ಬರೆಯುವುದೇ ನಮ್ಮ ಪದ್ಧತಿ. ಹೀಗೆ ತುಂಬಿದ ಅರ್ಜಿಯನ್ನು ನೋಡಿದರೆ ಪಕ್ಕದ ಕಂಪನಿಯವರಿಗೂ ತಮ್ಮ ಲಿಂಕ್ ಎಲ್ಲಿ ಹಾಕಬಹುದು ಅಂತ ತಕ್ಷಣ ಗೊತ್ತಾಗುತ್ತದೆ.

ಮನೆಮನೆಗೆ ಕೊಡುವ ಸೇವೆಗೆ ಈ ಪದ್ಧತಿ ಸಾಲದು ಅನ್ನುವುದನ್ನೂ ಹೇಳಬೇಕು. ಒಂದು ಟವರ್‌ನಿಂದ ಇನ್ನೂರು ತಾರಸಿಗೆ ಸಂಪರ್ಕ ಕೊಡುವಾಗ ಪ್ರತಿ ಮನೆಗೂ ನೋಂದಣಿ ಮಾಡುತ್ತಾ ಕೂರಲು ಆಗುವುದಿಲ್ಲ. ದೊಡ್ಡ ಹೂಡಿಕೆ ಮಾಡುವವರು ಪ್ರದೇಶದ ಭದ್ರತೆ ಕೇಳುವುದರಲ್ಲೂ ನ್ಯಾಯ ಇದೆ. ಪ್ರಶ್ನೆ ಇರುವುದು ಆ ಪ್ರದೇಶ ಎಷ್ಟು ದೊಡ್ಡದು ಅನ್ನುವುದರಲ್ಲಿ. ಎಫ್‌ಸಿಸಿ 2018ರಲ್ಲಿ 28 ಗಿಗಾಹರ್ಟ್ಸನ್ನು ಮತ್ತೆ ಹರಾಜಿಗೆ ಇಟ್ಟಾಗ ಕೌಂಟಿಗೊಂದು, ಅಂದರೆ ನಮ್ಮ ಜಿಲ್ಲೆಯಂಥ ಪ್ರದೇಶಕ್ಕೊಂದು, ಲೈಸೆನ್ಸ್ ಮಾಡಿತು. ಭಾರತ 2022ರಲ್ಲಿ 26 ಗಿಗಾಹರ್ಟ್ಸನ್ನು 22 ಟೆಲಿಕಾಂ ಸರ್ಕಲ್‌ಗಳ (ಹೆಚ್ಚಿನವು ರಾಜ್ಯದಷ್ಟು ದೊಡ್ಡವು) ಲೆಕ್ಕದಲ್ಲಿ 20 ವರ್ಷಕ್ಕೆ ಕೊಟ್ಟಿತು. ಜರ್ಮನಿ ಅದೇ ಬ್ಯಾಂಡನ್ನು 2021ರಿಂದ ಅರ್ಜಿ ಹಾಕಿದವರಿಗೆ ಸ್ಥಳೀಯ ಮಟ್ಟದಲ್ಲಿ ಕೊಡುತ್ತಿದೆ. ಬ್ರಿಟನ್ನಿನ ನಿಯಂತ್ರಣ ಸಂಸ್ಥೆ ಆಫ್‌ಕಾಮ್ ಎರಡನ್ನೂ ಬೆರೆಸಿತು: ದಟ್ಟ ಪಟ್ಟಣಗಳಿಗೆ ಹರಾಜು, ಉಳಿದ ಕಡೆ ಬಂದವರಿಗೆ ಸ್ಥಳೀಯ ಲೈಸೆನ್ಸ್. ನನ್ನ ಮಟ್ಟಿಗೆ ಇದೇ ಒಳ್ಳೆಯ ದಾರಿ. ಪೈಪೋಟಿ ಇರುವಲ್ಲಿ ಹರಾಜು ಸರಿ. ಯಾರೂ ಬಾರದ ಕಡೆ ಬರುತ್ತೇನೆ ಅನ್ನುವ ಸಣ್ಣ ಕಂಪನಿಗೆ ಬಾಗಿಲು ತೆರೆದಿರಬೇಕು.

ಗಡಿಯ ಷರತ್ತನ್ನೂ ಬಿಡದೆ ಓದಿ. ಅಮೆರಿಕದ ನಿಯಮದಲ್ಲಿ ಲೈಸೆನ್ಸ್ ಪ್ರದೇಶದ ಅಂಚಿನಲ್ಲಿ ಸಿಗ್ನಲ್ ಎಷ್ಟಿರಬಹುದು ಅನ್ನುವ ಮಿತಿ ನೆಲದಿಂದ 1.5 ಮೀಟರ್ ಎತ್ತರಕ್ಕೆ. ಕೈಯಲ್ಲಿ ಫೋನ್ ಹಿಡಿದವರ ಎತ್ತರ ಅದು. ನಮ್ಮ ರಿಸೀವರ್ ಇರುವುದು ತಾರಸಿಯ ಮೇಲೆ, ಅಲ್ಲಿಗೆ ಸಿಗ್ನಲ್ ಅಡೆತಡೆ ಇಲ್ಲದೆ ಬರುತ್ತದೆ. ಹಾಗಾಗಿ ಮಿತಿಯೊಳಗೆ ಇದ್ದರೂ ಆಚೆಯವರ ತಾರಸಿಗೆ ತೊಂದರೆ ಆಗಬಹುದು. ಟವರ್‌ನ ಸೆಕ್ಟರ್ ಆಂಟೆನಾ ಯಾವ ದಿಕ್ಕಿಗಿದೆ, ಎಷ್ಟು ಕೆಳಗೆ ಬಾಗಿದೆ ಅನ್ನುವುದನ್ನು ಇಬ್ಬರೂ ಕೂತು ಮಾತಾಡಿಯೇ ಬಗೆಹರಿಸಿಕೊಳ್ಳಬೇಕು.

ನಿಯಂತ್ರಣ ಸಂಸ್ಥೆಯವರು ಹೊಸ ಬ್ಯಾಂಡಿನ ಬಗ್ಗೆ ಅಭಿಪ್ರಾಯ ಕೇಳಿದಾಗ ನಾನು ಎರಡು ಬೇಡಿಕೆ ತಪ್ಪದೆ ಬರೆಯುತ್ತೇನೆ. ಫಿಕ್ಸೆಡ್ ಸೇವೆಯ ಬಳಕೆಯನ್ನು ಎಷ್ಟು ಮನೆಗೆ ಸಂಪರ್ಕ ಸಿಕ್ಕಿತು ಅನ್ನುವುದರಿಂದ ಅಳೆಯಿರಿ, ಎಷ್ಟು ಟವರ್ ನಿಂತಿತು ಅನ್ನುವುದು ಸಾಲದು. ಸೇವೆ ಶುರು ಮಾಡಲು ಲೈಸೆನ್ಸ್‌ನಲ್ಲಿ ಕೊಟ್ಟ ಗಡುವು ಮುಗಿದಾಗ ಸೇವೆ ಇಲ್ಲದ ಭಾಗ ಮಾತ್ರ ವಾಪಸ್ ಬರಲಿ, ಇಡೀ ಲೈಸೆನ್ಸ್ ರದ್ದಾಗುವುದು ಬೇಡ. ಹಾಗಾದರೆ ಕೆಲಸ ಮಾಡಿದವರ ಗ್ರಾಹಕರು ಬೀದಿಗೆ ಬೀಳುವುದಿಲ್ಲ, ಖಾಲಿ ಬಿಟ್ಟ ಜಾಗಕ್ಕೆ ಮಾರನೇ ದಿನವೇ ಬೇರೆಯವರು ಅರ್ಜಿ ಹಾಕಬಹುದು.